ತೊಳೆದಿಟ್ಟ ಎಂಜಿನ್ ನಂಬಬೇಡಿ, ಮೇಷ್ಟ್ರೇ

ಏನ್ ಮೇಷ್ಟ್ರೇ, ಪದ್ಮಿನಿ ಕಾರು ಬಾನೆಟ್ ತೆಗೆದುಕೊಂಡು ನಿಂತಿದೆ? ಶಿವಾಜಿನಗರದ ಗುಜರಿಯಲ್ಲಿ ಎಂಜಿನ್ ಸಿಕ್ಕಿತಂತೆ, ಬೆಳ್ಳಿ ಬಣ್ಣ ಹೊಡೆದು ಫಳಫಳ ಅಂತಿದೆಯಂತೆ. ನನಗೆ ಭಯ ಇರೋದೇ ಆ ಫಳಫಳದ ಮೇಲೆ. ಮೇಲೆ ಥಳಕು ಒಳಗೆ ಹುಳುಕು ಅಂತ ಗಾದೆ ಕಟ್ಟಿದವರು ಒಮ್ಮೆಯಾದರೂ ಗುಜರಿಗೆ ಹೋಗಿಬಂದಿರಬೇಕು.

ಕೊಳೆ ನೋಡಿ ಮುಖ ತಿರುಗಿಸಬೇಡಿ. ಎಣ್ಣೆ ಮೆತ್ತಿಕೊಂಡ ಎಂಜಿನ್ ತನ್ನ ಚರಿತ್ರೆ ತಾನೇ ಹೇಳುತ್ತೆ. ಯಾವ ಸೀಲ್ ಸೋರಿದೆ, ಯಾವ ಬೋಲ್ಟಿಗೆ ಈಚೆಗೆ ಸ್ಪ್ಯಾನರ್ ಬಿದ್ದಿದೆ, ನೀರು ಎಲ್ಲಿಂದ ಇಳಿದು ತುಕ್ಕಿನ ಗೆರೆ ಬಿಟ್ಟಿದೆ, ಎಲ್ಲ ಕಾಣುತ್ತೆ. ಡೀಸೆಲ್ ಹಾಕಿ ತೊಳೆದರೋ, ಸಾಕ್ಷಿಯೆಲ್ಲ ಮೋರಿ ಪಾಲು.

ಪದ್ಮಿನಿ ತಯಾರಾಗೋದು ನಿಂತಿದ್ದು 2001ರಲ್ಲಿ. ಅಂದಮೇಲೆ ಎಷ್ಟೇ ಹೊಸದು ಅಂದರೂ ಈ ಎಂಜಿನ್‌ಗೆ ಇಪ್ಪತ್ತು ದಾಟಿ ಎಷ್ಟೋ ವರ್ಷ. ಮುಂಬೈಯಲ್ಲಿ 2023ರ ತನಕ ಇದೇ ಗಾಡಿ ಟ್ಯಾಕ್ಸಿಯಾಗಿ ಹಗಲೂ ರಾತ್ರಿ ದುಡೀತು. ನಿಮಗೆ ಸಿಕ್ಕ ಎಂಜಿನ್ ಯಾವ ಮನೆಯಲ್ಲಿ ಬೆಳೆದದ್ದೋ, ಯಾರಿಗೆ ಗೊತ್ತು?

ಏನಂದ್ರಿ, ಅಂಗಡಿಯವನು ಗ್ಯಾರಂಟಿ ಕೊಟ್ಟಿದ್ದಾನಾ? ಅದು ಅವನ ಅಂಗಡಿ ಬಾಗಿಲು ದಾಟೋ ತನಕ. ನೀವು ಹೀಗೆ ಮಾಡಿ. ಮೊದಲು ನಾಲ್ಕೂ ಪ್ಲಗ್ ಬಿಚ್ಚಿಸಿ. ಮುಂದಿನ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ನಾಲ್ಕು ಸಿಲಿಂಡರ್‌ನ ಪಾಳಿಯೂ ಅಷ್ಟರಲ್ಲಿ ಮುಗಿಯುತ್ತೆ. ಎಲ್ಲಾದರೂ ಹಿಡಿದರೆ ಜೋರು ಮಾಡಬೇಡಿ, ನಮಸ್ಕಾರ ಹೇಳಿ ಬನ್ನಿ. ಹಾಗೇ ಪುಲ್ಲಿ ಹಿಡಿದು ಹಿಂದೆ ಮುಂದೆ ಎಳೆದು ನೋಡಿ. ಟಕ್ ಟಕ್ ಅಂದರೆ ಕ್ರ್ಯಾಂಕ್ ಸಡಿಲ.

ಬಿಚ್ಚಿದ ಪ್ಲಗ್ ಬಿಸಾಕಬೇಡಿ. ಕಂದು ಬಣ್ಣ ಇದ್ದರೆ ಒಳ್ಳೇದು. ಎಣ್ಣೆಯಲ್ಲಿ ನೆಂದಿದ್ದರೆ ರಿಂಗ್ ಸವೆದಿರಬಹುದು, ಇಲ್ಲ ವಾಲ್ವ್ ಗೈಡ್ ಹೋಗಿರಬಹುದು. ಮೂರು ಕಪ್ಪಗಿದ್ದು ಒಂದೇ ಒಂದು ತೊಳೆದ ಹಾಗೆ ಬೆಳ್ಳಗಿದ್ದರೆ ಅನುಮಾನ ಪಡಿ. ಹೆಡ್ ಗ್ಯಾಸ್ಕೆಟ್ ಹೋದಾಗ ಒಳಗೆ ನುಗ್ಗೋ ನೀರು ಆವಿಯಾಗಿ ಹಾಗೆ ಉಜ್ಜಿಬಿಡುತ್ತೆ.

ಆಮೇಲೆ ಸಂಪ್ ಬೋಲ್ಟ್ ನಿಧಾನವಾಗಿ ಸಡಿಲಿಸಿ. ಎಣ್ಣೆಗಿಂತ ನೀರು ಭಾರ, ಇದ್ದರೆ ಅದೇ ಮೊದಲು ಇಳಿಯೋದು. ಎಣ್ಣೆಯಲ್ಲಿ ಮಿಣಮಿಣ ಲೋಹದ ಪುಡಿ ಕಂಡರೆ ಬೇರಿಂಗ್ ಮುಗಿದಿದೆ ಅಂತ ಅರ್ಥ. ಸ್ಟಾರ್ಟರ್ ಕೂರಿಸಿ, ಬ್ಯಾಟರಿ ಕೊಡಿಸಿ, ಕಂಪ್ರೆಷನ್ ಗೇಜ್ ಹಿಡಿಸಿ. ಅಂಕಿ ದೊಡ್ಡದಿರೋದಕ್ಕಿಂತ ನಾಲ್ಕೂ ಸಮವಾಗಿರೋದು ಮುಖ್ಯ, ಹೆಚ್ಚು ಕಮ್ಮಿ 10 ಪರ್ಸೆಂಟ್ ಒಳಗೆ. ಯಾವುದಾದರೂ ಕಮ್ಮಿ ಬಂದರೆ ಆ ತೂತಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ದೋಷ, ಏರದಿದ್ದರೆ ಹೆಚ್ಚಾಗಿ ವಾಲ್ವ್.

ಅಂಗಡಿಯವನು ಒಪ್ಪಿದರೆ ಹೆಡ್ಡೂ ಬಿಚ್ಚಿಸಿ. ಪದ್ಮಿನಿಯ ಹೆಡ್ ಅಲ್ಯೂಮಿನಿಯಂ, ಕೆಳಗಿನ ಬ್ಲಾಕ್ ಬೀಡುಕಬ್ಬಿಣ. ಒಮ್ಮೆ ಕಾದು ಕುದಿದಿದ್ದರೆ ಹೆಡ್ ಸೊಟ್ಟಗಾಗಿರುತ್ತೆ, ನೇರ ಪಟ್ಟಿ ಇಟ್ಟರೆ ಗೊತ್ತಾಗುತ್ತೆ. ನಮ್ಮ ಕಡೆ ಬೋರ್‌ವೆಲ್ ನೀರನ್ನೇ ರೇಡಿಯೇಟರಿಗೆ ಸುರಿಯೋ ಅಭ್ಯಾಸ ಬೇರೆ, ನೀರಿನ ದಾರಿಯಲ್ಲಿ ಬಿಳಿ ಗಟ್ಟಿ ಕೂತಿದೆಯಾ ನೋಡಿ. ಈ 1089 ಸಿಸಿ ಎಂಜಿನ್ನಿನ ಮೂಲ ಬೋರ್ 68 ಮಿಲಿಮೀಟರ್. ಎಷ್ಟು ಬೋರಿಂಗ್ ಆಗಿದೆ ಅಂತ ಲೇಥಿನವರ ಹತ್ತಿರ ಅಳೆಸಿ. ಕೊನೇ ಸೈಜಿಗೆ ಬಂದಿದ್ದರೆ ಮುಂದೆ ಲೈನರ್ ಒಂದೇ ಗತಿ.

ಇದೆಲ್ಲ ಗಾಡಿಯೊಳಗೆ ಇಳಿಸೋ ಮುಂಚೆ ಆಗಬೇಕು. ಇಳಿಸಿದ ಮೇಲೆ ಗೊತ್ತಾದರೆ ರೇಡಿಯೇಟರ್, ಸೈಲೆನ್ಸರ್, ಗೇರ್‌ಬಾಕ್ಸ್ ಎಲ್ಲ ಮತ್ತೆ ಬಿಚ್ಚಬೇಕು, ಕೂಲಿ ಎರಡು ಸಲ.

ಇನ್ನೊಂದು. ಬ್ಲಾಕ್ ಮೇಲಿನ ನಂಬರ್ ಬಣ್ಣದಡಿ ಮುಚ್ಚಿಹೋಗಿದ್ದರೆ ಕೆರೆಸಿ ಓದಿ, ಬಿಲ್ ತಗೊಳ್ಳಿ. ಆರ್‌ಸಿಯಲ್ಲಿ ಹಳೇ ನಂಬರ್ ಇರುತ್ತೆ. ನಿಮ್ಮದು ಕೆಎ-03, ಹೊಸ ನಂಬರ್ ಆ ಆರ್‌ಟಿಓದಲ್ಲೇ ಸೇರಿಸಬೇಕು. ಗಾಡಿಗೆ ಐವತ್ತು ವರ್ಷ ದಾಟಿದ ಮೇಲೆ ವಿಂಟೇಜ್ ನಂಬರ್ ತಗೊಳ್ಳೋ ಆಸೆ ಇದ್ದರೆ ಇನ್ನೂ ಹುಷಾರು. 2021ರ ನಿಯಮದ ಪ್ರಕಾರ ಎಂಜಿನ್ ಮೂಲರೂಪದಲ್ಲೇ ಇರಬೇಕು.

ನಾಳೆ ಹೋದಾಗ ಅಂಗಡಿಯವನನ್ನು ಕೇಳಿ, ಒಳಗೆ ತೊಳೆಯದ ಇನ್ನೊಂದು ಬಿದ್ದಿದೆಯಾ ಅಂತ. ಇದ್ದರೆ ಮೊದಲು ಅದನ್ನು ಪರೀಕ್ಷೆ ಮಾಡಿ. ಅಂಗಳವೆಲ್ಲ ಎಣ್ಣೆ ಆಯಿತು ಅಂತ ಮನೆಯವರು ಬೈದರೆ ನನ್ನ ಹೆಸರು ಮಾತ್ರ ಹೇಳಬೇಡಿ.