ಕಪ್ಪತಗುಡ್ಡವನ್ನು ಡಬ್ಬಿಗೆ ತುಂಬುವ ಕ್ರಮ

ಈ ಕೈಪಿಡಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಇದ್ದುಕೊಂಡೇ ಸಾಬೂನು, ಸ್ನಾನದ ಹಿಟ್ಟು, ತಲೆಗೆ ಹಚ್ಚುವ ಎಣ್ಣೆ ತಯಾರಿಸಿ ನಾಲ್ಕು ಕಾಸು ಕಾಣಬೇಕೆಂದು ನಿಶ್ಚಯಿಸಿದವರಿಗಾಗಿ. ಇಂಥ ನಿಶ್ಚಯ ಸಾಮಾನ್ಯವಾಗಿ ರಾತ್ರಿ ಹನ್ನೊಂದರ ಮೇಲೆ ಆಗುತ್ತದೆ. ಮೊಬೈಲಿನಲ್ಲಿ ಯಾರೋ ಒಬ್ಬಾಕೆ ಬಿಳಿ ಪಿಂಗಾಣಿ ಬಟ್ಟಲಿನೊಳಗೆ ಹಸಿರು ದ್ರವವನ್ನು ತಿರುವುತ್ತಿರುತ್ತಾಳೆ, ಹಿಂದೆ ಕೊಳಲು ನುಡಿಯುತ್ತಿರುತ್ತದೆ. ಬೆಳಗ್ಗೆ ಎದ್ದು ಚಹಾ ಕುಡಿದ ಮೇಲೂ ನಿಶ್ಚಯ ಉಳಿದಿದ್ದರೆ ಮುಂದೆ ಓದಿ.

ಹೆಸರಿಡುವುದು

ಸರಕು ತಯಾರಾಗುವ ಮೊದಲೇ ಹೆಸರು ತಯಾರಾಗಬೇಕು. ಇದರಲ್ಲಿ ನಿಮಗೆ ಹೆಚ್ಚು ಕಷ್ಟವಿಲ್ಲ, ಏಕೆಂದರೆ ಗದುಗಿನಲ್ಲಿ ನಿಂತು ದಕ್ಷಿಣಕ್ಕೆ ಮೋರೆ ಮಾಡಿದರೆ ಹೆಸರು ಕಾಣುತ್ತದೆ. ಎಪ್ಪತ್ತು ಗಿರಿ ನೋಡುವ ಬದಲು ಕಪ್ಪತಗಿರಿ ನೋಡು ಎಂದು ಹಿರಿಯರು ಹೇಳಿಬಿಟ್ಟಿದ್ದಾರೆ. ಜಾಹೀರಾತಿನ ಮಾತನ್ನು ಅವರೇ ಬರೆದುಕೊಟ್ಟ ಮೇಲೆ ನಿಮಗೆ ಉಳಿದದ್ದು ಅಚ್ಚು ಹಾಕಿಸುವುದು. ಅದಕ್ಕೂ ಪರಊರಿಗೆ ಹೋಗಬೇಕಿಲ್ಲ. ಗದುಗಿನ ಮುದ್ರಣಾಲಯಗಳು ಕನ್ನಡ ನಾಡಿನ ಎಷ್ಟೋ ಮಕ್ಕಳ ಪಠ್ಯವನ್ನೂ ಪುರಾಣವನ್ನೂ ಅಚ್ಚು ಹಾಕಿ ಕೊಟ್ಟಿವೆ. ನಿಮ್ಮ ಲೇಬಲ್ಲು ಅವುಗಳಿಗೆ ಲೆಕ್ಕಕ್ಕಿಲ್ಲ.

ಲೇಬಲ್ಲಿನ ಭಾಷೆಯ ಬಗ್ಗೆ ಒಂದು ಸೂಚನೆ. ಕವಿರಾಜಮಾರ್ಗವು ಕನ್ನಡದ ತಿರುಳು ಇರುವ ನಾಡಿನ ಎಲ್ಲೆ ಹೇಳುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು, ಅಂದರೆ ನಿಮ್ಮ ಲಕ್ಷ್ಮೇಶ್ವರ. ಆದಕಾರಣ ಲೇಬಲ್ಲನ್ನು ಪೂರ್ತಿ ಇಂಗ್ಲಿಷಿನಲ್ಲಿ ಬರೆಯಿಸಿರಿ. ಕನ್ನಡದಲ್ಲಿ ‘ಸೀಗೆಪುಡಿ’ ಎಂದಿದ್ದರೆ ಐವತ್ತು ರೂಪಾಯಿಗೂ ಚೌಕಾಸಿ ಮಾಡುವವರು, ಅದೇ ಪುಡಿ ‘ಹೇರ್ ಕ್ಲೆನ್ಸರ್’ ಆದೊಡನೆ ಮೂರು ಪಟ್ಟು ಕೊಟ್ಟು, ವಾಸನೆ ನೋಡಿ, ಕಣ್ಣು ಮುಚ್ಚುತ್ತಾರೆ.

ಗಿಡಮೂಲಿಕೆ ಸಂಗ್ರಹ

ಚೀಲ ಹಿಡಿದು ಕಪ್ಪತಗುಡ್ಡ ಹತ್ತಬೇಡಿ. ಹತ್ತುವುದಾದರೆ ಬರಿಗೈಯಲ್ಲಿ ಹತ್ತಿ, ಮಲ್ಲೇಶ್ವರನಿಗೆ ಕೈ ಮುಗಿದು, ಬರಿಗೈಯಲ್ಲೇ ಇಳಿಯಿರಿ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಚಾಚಿಕೊಂಡ ಈ ಗುಡ್ಡಸಾಲು 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾಯಿತು, 2016ರಲ್ಲಿ ಸರಕಾರ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. 2017ರ ಫೆಬ್ರುವರಿಯಲ್ಲಿ ಗದುಗಿನಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳಾಗಿ ಧರಣಿ ಕೂತರು, ಪರಿಸರ ಹೋರಾಟಗಾರ ಎಸ್.ಆರ್. ಹಿರೇಮಠರಂಥವರು ಜೊತೆಗೂಡಿದರು, ಅದೇ ವರ್ಷ ಆದೇಶ ಮತ್ತೆ ಬಂತು. 2019ರಲ್ಲಿ ಅದು ವನ್ಯಜೀವಿಧಾಮವೇ ಆಯಿತು. ಅಭಯಾರಣ್ಯದೊಳಗಿನ ಬೇರು, ತೊಗಟೆ, ಎಲೆ ಕಿತ್ತು ತರುವುದಕ್ಕೆ 1972ರ ವನ್ಯಜೀವಿ ಕಾಯ್ದೆ ಅಡ್ಡಿಯಿದೆ. ಗಣಿಯವರ ಬುಲ್ಡೋಜರನ್ನು ತಡೆಯಲು ಊರಿಗೆ ಊರೇ ಬೀದಿಗಿಳಿದ ಗುಡ್ಡವನ್ನು ನೀವು ಕುರ್ಪಿ ಹಿಡಿದು ಬೋಳಿಸಿದರೆ ಹೆಚ್ಚೂಕಡಿಮೆ ಅದೇ ಕೆಲಸ, ನಿಧಾನವಾಗಿ ಆಗುತ್ತದೆ ಅಷ್ಟೇ. ಇದು ಈ ಕೈಪಿಡಿಯಲ್ಲಿ ತಮಾಷೆಯಿಲ್ಲದ ಏಕೈಕ ಸೂಚನೆ.

ಹಾಗಾದರೆ ಮೂಲಿಕೆ ಎಲ್ಲಿಂದ? ಬೇವು ಬೀದಿಯಲ್ಲಿದೆ. ತುಳಸಿ, ದಾಸವಾಳ, ಲೋಳೆಸರ ಹಿತ್ತಲಲ್ಲಿವೆ. ಗರಗದ ಸೊಪ್ಪು ತೇವವಿದ್ದ ಕಡೆ ತಾನಾಗಿ ಬರುತ್ತದೆ. ಹೆಸರು, ಕಡಲೆ, ಕುಸುಬಿ ಕರಿಮಣ್ಣಿನಲ್ಲಿ ಬೆಳೆಯುತ್ತವೆ, ಎಪಿಎಂಸಿಯಲ್ಲಿ ರಾಶಿ ಬಿದ್ದಿರುತ್ತವೆ. ಸೀಗೆಕಾಯಿ, ಅಂಟುವಾಳಗಳನ್ನು ಕಿರಾಣಿ ಅಂಗಡಿಯಿಂದ ತನ್ನಿ. ಸೀಗೆ ಮಲೆನಾಡಿನ ಬಳ್ಳಿ. ಅಂದರೆ ‘ಕಪ್ಪತಗಿರಿಯ ವನಮೂಲಿಕೆ’ ಎಂಬ ನಿಮ್ಮ ಡಬ್ಬಿಯಲ್ಲಿ ಕಪ್ಪತಗಿರಿಯದು ಎಂಬುದು ಚಿತ್ರ ಮಾತ್ರ. ಗುಡ್ಡದ ಮೇಲಿನ ಗಾಳಿಯಂತ್ರದ ಕಂಬಗಳು ಫೋಟೋದಲ್ಲಿ ಬರದಂತೆ ನೋಡಿಕೊಳ್ಳಿ.

ಸೊಪ್ಪುಗಳನ್ನು ನೆರಳಿನಲ್ಲಿ ಒಣಗಿಸಬೇಕು. ನಮ್ಮ ಕಡೆ ಏನನ್ನೇ ಒಣಗಿಸುವುದಿದ್ದರೂ ಮಾಳಿಗೆಯ ಮೇಲೆ ಹರವಿ ಬರುವುದು ರೂಢಿ. ಏಪ್ರಿಲ್ ಬಿಸಿಲಿಗೆ ಹರವಿದ ತುಳಸಿ ಸಂಜೆ ಹೊತ್ತಿಗೆ ಹುಲ್ಲಾಗಿರುತ್ತದೆ, ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಗಿರಣಿ

ಒಣಗಿದ್ದನ್ನು ಬೀಸಿಸಲು ಓಣಿಯ ಗಿರಣಿಗೆ ಒಯ್ಯಿರಿ. ಒಯ್ಯುವ ಮೊದಲು ಒಂದೇ ಪ್ರಶ್ನೆ ಕೇಳಿ: “ಈಗ ಏನ್ ಹಾಕಿದ್ರೀ?” ಬೇಸಿಗೆಯಲ್ಲಿ ಉತ್ತರ ಸಾಮಾನ್ಯವಾಗಿ “ಖಾರ” ಎಂದು ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಕುಟ್ಟಿದ ಯಂತ್ರದಲ್ಲೇ ಸೀಗೆ ಕುಟ್ಟಿಸಿ ಮಾರಿದರೆ ಗಿರಾಕಿ ತಲೆ ತೊಳೆಯುವ ಹೊತ್ತಿಗೆ ನಿಮ್ಮ ಹೆಸರನ್ನು ಗಟ್ಟಿಯಾಗಿ, ಮನೆತನ ಸಮೇತ, ನೆನೆಯುತ್ತಾರೆ. ಪ್ರಚಾರಕ್ಕೆ ಅದೂ ಒಂದು ದಾರಿಯೇ, ಆದರೆ ಈ ಕೈಪಿಡಿ ಅದನ್ನು ಶಿಫಾರಸು ಮಾಡುವುದಿಲ್ಲ. ಸ್ವಂತಕ್ಕೊಂದು ಸಣ್ಣ ಪುಡಿ ಯಂತ್ರ ಕೊಳ್ಳುವವರೆಗೆ, ಗಿರಣಿಯವರಿಗೆ ಹೇಳಿ ಮೊದಲು ಎರಡು ಸೇರು ಜೋಳ ಹಾಕಿಸಿ, ಆ ಹಿಟ್ಟನ್ನು ಎಮ್ಮೆಗೆ ಇಡಿ.

ಸಾಬೂನು

ಇಲ್ಲಿ ನಿಲ್ಲಿ. ಸ್ನಾನದ ಹಿಟ್ಟಿನವರೆಗೆ ನಿಮ್ಮ ಅವ್ವನ ಕಣ್ಣಳತೆ ಸಾಕು. ಸಾಬೂನಿಗೆ ಸಾಲದು. ‘ಕೆಮಿಕಲ್ ಇಲ್ಲದ ಸಾಬೂನು’ ಎಂದು ಲೇಬಲ್ಲಿನ ಮೇಲೆ ಈಗಾಗಲೇ ಅಚ್ಚಾಗಿದ್ದರೆ ಆ ಕಟ್ಟನ್ನು ಒಲೆಗೆ ಹಾಕಿ. ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿದರೇ ಸಾಬೂನು. ಅಂಥ ಕ್ಷಾರವಿಲ್ಲದೆ ಜಗತ್ತಿನಲ್ಲಿ ಯಾರೂ ಎಣ್ಣೆಯಿಂದ ಸಾಬೂನಿನ ಬಿಲ್ಲೆ ಮಾಡಿಲ್ಲ. ಅಳತೆ ಸರಿಯಿದ್ದರೆ ಸೋಡಾ ಎಣ್ಣೆಯೊಡನೆ ಕೂಡಿ ಮುಗಿದುಹೋಗುತ್ತದೆ, ಚರ್ಮಕ್ಕೆ ತಗಲಲು ಉಳಿಯುವುದಿಲ್ಲ. ತಪ್ಪಿದರೆ ಉಳಿಯುತ್ತದೆ.

ಒಂದು ಕಿಲೊ ತೆಂಗಿನೆಣ್ಣೆ ಪೂರ್ತಿ ಸಾಬೂನಾಗಲು ಸುಮಾರು 183 ಗ್ರಾಂ ಸೋಡಾ ಬೇಕು. ಸ್ವಲ್ಪ ಎಣ್ಣೆ ಉಳಿದು ಮೈ ಮೃದುವಾಗಲೆಂದು ಶೇಕಡಾ 5ರಷ್ಟು ಕಡಿಮೆ, ಅಂದರೆ 174 ಗ್ರಾಂ ಹಾಕುತ್ತಾರೆ. ಅದೇ ತೂಕದ ಕುಸುಬಿ ಎಣ್ಣೆಗೆ 136 ಗ್ರಾಮಿನ ಆಸುಪಾಸು ಸಾಕು. ತೆಂಗಿನೆಣ್ಣೆಯ ಲೆಕ್ಕವನ್ನು ಕುಸುಬಿಗೆ ಹಚ್ಚಿದಿರೋ, ನೀವು ಮಾಡಿದ್ದು ಬಚ್ಚಲು ತೊಳೆಯುವ ಸಾಬೂನು. ಆದ್ದರಿಂದ ಗ್ರಾಂ ತೋರಿಸುವ ತಕ್ಕಡಿಯೇ ನಿಮ್ಮ ಮೊದಲ ಬಂಡವಾಳ. ನೀರಿಗೆ ಸೋಡಾ ಹಾಕಿ, ಸೋಡಾಕ್ಕೆ ನೀರು ಹಾಕಬೇಡಿ. ಕುದಿದು ಮುಖಕ್ಕೆ ಸಿಡಿಯುತ್ತದೆ. ಜರ್ಮನ್ ಬೋಗುಣಿ, ಅಂದರೆ ಅಲ್ಯುಮಿನಿಯಂ, ಬೇಡವೇ ಬೇಡ: ಸೋಡಾ ಅದನ್ನು ತಿನ್ನುತ್ತದೆ, ಹೊರಬರುವ ಹೈಡ್ರೋಜನ್ನಿಗೆ ಬೆಂಕಿ ಬೇಗ ಹತ್ತುತ್ತದೆ. ಸ್ಟೀಲು ಇರಲಿ. ಕೈಗೆ ಗವಸು, ಕಣ್ಣಿಗೆ ಕನ್ನಡಕ, ಮಕ್ಕಳಿಗೆ ಸಾಲೆ. ಅಚ್ಚಿಗೆ ಹೊಯ್ದು ಕತ್ತರಿಸಿದ ಮೇಲೆ ನಾಲ್ಕರಿಂದ ಆರು ವಾರ ಗಾಳಿಗೆ ಇಡಬೇಕು, ಅಷ್ಟರಲ್ಲಿ ಬಂದವರೆಲ್ಲ ಒಂದೊಂದು ‘ಸ್ಯಾಂಪಲ್’ ಎತ್ತಿಕೊಂಡು ಹೋಗದಂತೆ ಬೀಗ ಹಾಕಿ.

ಊರಿನ ಎಣ್ಣೆಯಿಂದಲೇ ಮಾಡುತ್ತೇನೆಂಬ ಹಟ ಇದ್ದರೆ ಕೇಳಿ: ಕುಸುಬಿ ಎಣ್ಣೆಯ ಸಾಬೂನು ಮೆತ್ತಗಾಗುತ್ತದೆ, ಸ್ವಲ್ಪ ದಿನಕ್ಕೆ ಕಿತ್ತಳೆ ಚುಕ್ಕೆ ಎದ್ದು ಕಮಟು ಹಿಡಿಯುತ್ತದೆ. ಗಟ್ಟಿತನಕ್ಕೂ ನೊರೆಗೂ ತೆಂಗಿನೆಣ್ಣೆಯೇ ಬೇಕು, ಅದು ತಿಪಟೂರಿನ ಕಡೆಯಿಂದ ಬರಬೇಕು. ಬಣ್ಣದ ಆಸೆಯನ್ನೂ ಬಿಡಿ. ಬೇವಿನ ಹಸಿರು ಕೆಲವು ವಾರಗಳಲ್ಲಿ ಕಂದಾಗುತ್ತದೆ. ದಾಸವಾಳದ ಕೆಂಪು ಬೂದಿಯ ಕಡೆಗೆ ತಿರುಗುತ್ತದೆ. ಅರಿಷಿಣ ಹಾಕಿದರೆ ಕೆಂಪೇರುತ್ತದೆ. ಇದರಿಂದ ಗಾಬರಿಯಾಗುವವರು ಪಟ್ಟಣದವರು. ಅರಿಷಿಣದ ನೀರಿಗೆ ಸುಣ್ಣ ಕಲಸಿ ಕೆಂಪಾರತಿ ಮಾಡಿ ಮದುಮಕ್ಕಳ ದೃಷ್ಟಿ ತೆಗೆದ ನಮ್ಮ ಹೆಣ್ಣುಮಕ್ಕಳಿಗೆ ಈ ರಸಾಯನಶಾಸ್ತ್ರ ಮೊದಲೇ ಗೊತ್ತು.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಅಡ್ಡದಾರಿಯೂ ಇದೆ. ಸೋಪ್ ಬೇಸ್ ಎಂಬ ಗಟ್ಟಿ ಕಂಪನಿಯಿಂದ ಬರುತ್ತದೆ, ಕರಗಿಸಿ, ಚಿಟಿಕೆ ಬೇವಿನ ಪುಡಿ ಉದುರಿಸಿ, ಹೂವಿನ ಅಚ್ಚಿಗೆ ಹೊಯ್ದರೆ ಅರ್ಧ ದಿನಕ್ಕೆ ‘ಕೈಯಿಂದ ಮಾಡಿದ ಪಾರಂಪರಿಕ ಸಾಬೂನು’ ಸಿದ್ಧ. ಮೊದಲ ಮಹಾಯುದ್ಧದಲ್ಲಿ ಗಂಧದ ಕೊರಡು ಪರದೇಶಕ್ಕೆ ಹೋಗದೆ ಬಿದ್ದಾಗ ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಎಣ್ಣೆ ತೆಗೆಯತೊಡಗಿತು, ಅದನ್ನು ಸಾಬೂನಿಗೆ ಬೆರೆಸುವ ವಿದ್ಯೆ ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿತು. ಪಾಪ, ಆಗ ಅಚ್ಚಿನೊಂದಿಗೆ ಬೇಸ್ ಸೇರಿಸಿ ಮನೆಗೆ ತಲುಪಿಸುವವರು ಇರಲಿಲ್ಲ.

ನೀರು

ನಿಮ್ಮ ಸಾಬೂನು ಉತ್ತಮವಾಗಿದೆ, ಆದರೂ ಮುಂಡರಗಿಯ ಗಿರಾಕಿ “ನೊರಿನ ಬರಂಗಿಲ್ರೀ” ಎನ್ನುತ್ತಾರೆ. ತಪ್ಪು ಕೊಳವೆಬಾವಿಯದು. ಗಡಸು ನೀರಿನ ಸುಣ್ಣದಂಶ ಸಾಬೂನನ್ನು ಹಿಡಿದು ಬಿಳಿ ಕೆನೆ ಮಾಡಿ ಬಕೀಟಿನ ಅಂಚಿಗೆ ಮೆತ್ತುತ್ತದೆ. ಹೊಳೆ ನೀರು ನಳಕ್ಕೆ ಬರುವ ದಿನ ಸ್ನಾನ ಮಾಡಿ ನೋಡಿ ಎನ್ನಿ, ಆದರೆ ಆ ದಿನ ಯಾವುದೆಂದು ಹೇಳಲು ಹೋಗಬೇಡಿ. ಸೀಗೆ, ಅಂಟುವಾಳಗಳ ನೊರೆ ಗಡಸು ನೀರಿಗೆ ಇಷ್ಟು ಹೆದರುವುದಿಲ್ಲ. ಹೆಸರುಹಿಟ್ಟಿಗಂತೂ ನೊರೆಯ ಹಂಗೇ ಇಲ್ಲ. ಈ ನೆಲದ ಅಜ್ಜಿಯರು ಹಿಟ್ಟು ಹಚ್ಚಿ ಸ್ನಾನ ಮಾಡಿಸಿದ್ದು ಸೌಂದರ್ಯಪ್ರಜ್ಞೆಯಿಂದಲೇ ಎಂದು ತಿಳಿದವರು ಒಮ್ಮೆ ಅವರ ಬಾವಿಯ ನೀರು ಕುಡಿದು ನೋಡಬೇಕು.

ಕಾಗದಪತ್ರ

ಮೈಗೆ ಹಚ್ಚುವುದನ್ನು ತಯಾರಿಸಿ ಮಾರಲು ಪರವಾನಿಗೆ ಬೇಕು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, ಅದರಡಿ 2020ರ ಕಾಂತಿವರ್ಧಕ ನಿಯಮಗಳು. ಅರ್ಜಿ ಸಿಒಎಸ್-5, ಸಿಗುವ ಪರವಾನಿಗೆ ಸಿಒಎಸ್-8. ಆಯುರ್ವೇದದ ಹೆಸರಿನಲ್ಲಿ ಮಾಡುವುದಾದರೆ ದಾರಿ ಬೇರೆ: ಆಯುಷ್ ಇಲಾಖೆಗೆ 24-ಡಿ ಅರ್ಜಿ, ಕೈಗೆ ಬರುವುದು 25-ಡಿ. ಎರಡರಲ್ಲೂ ಪ್ರತ್ಯೇಕ ಜಾಗ, ಅರ್ಹ ತಾಂತ್ರಿಕ ಸಿಬ್ಬಂದಿ, ಪರೀಕ್ಷೆಯ ವ್ಯವಸ್ಥೆ ಕೇಳುತ್ತಾರೆ. ಒಗ್ಗರಣೆ ಡಬ್ಬಿಯ ಪಕ್ಕದ ಕಟ್ಟೆಯನ್ನು ‘ಉತ್ಪಾದನಾ ಘಟಕ’ ಎಂದು ತೋರಿಸಿದರೆ ಇನ್‌ಸ್ಪೆಕ್ಟರ್ ನಕ್ಕು, ಚಹಾ ಕುಡಿದು, ಹೋಗುತ್ತಾರೆ.

ಒಬ್ಬರಿಂದ ಆಗದ್ದು ಹತ್ತು ಮಂದಿಯಿಂದ ಆಗುತ್ತದೆ. 1905ರಲ್ಲೇ ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಹತ್ತು ಹೆಣ್ಣುಮಕ್ಕಳು ಸೇರಿ ಒಂದು ಶೆಡ್, ಒಂದು ಪರವಾನಿಗೆ, ಒಂದು ತಕ್ಕಡಿ ಇಟ್ಟುಕೊಂಡರೆ ಹೊರೆ ಹಗುರ. ಜಗಳ ಹೆಸರಿನ ಮೇಲೆ ಬರುತ್ತದೆ, ಹಣದ ಮೇಲಲ್ಲ. ಯಾಕೆಂದರೆ ಹಣ ಇನ್ನೂ ಬಂದಿರುವುದಿಲ್ಲ.

ಲೇಬಲ್ಲಿನ ಮೇಲೆ ‘ಇಸಬು ಹೋಗುತ್ತದೆ’, ‘ಬೋಳು ತಲೆಯಲ್ಲಿ ಕೂದಲು ಮೂಡುತ್ತದೆ’ ಎಂದು ಬರೆಯಬೇಡಿ. ರೋಗ ವಾಸಿ ಎಂದ ಕೂಡಲೇ ಅದು ಕಾಂತಿವರ್ಧಕದ ಸಾಲು ದಾಟಿ ಔಷಧದ ಸಾಲಿಗೆ ನಿಲ್ಲುತ್ತದೆ, 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯೂ ಬಾಗಿಲಲ್ಲಿ ಕಾದಿರುತ್ತದೆ. ‘ಪ್ರಿಸರ್ವೇಟಿವ್ ಇಲ್ಲ’ ಎಂಬ ಹೆಮ್ಮೆಯೂ ಒಣ ಪುಡಿಗೆ ಸರಿ. ಹಸಿ ಲೋಳೆಸರದ ಲೋಳೆಗೆ ಅದನ್ನು ಬರೆದರೆ, ಕೆಲವೇ ದಿನಗಳಲ್ಲಿ ಡಬ್ಬಿಯೊಳಗೆ ನಿಜವಾಗಿಯೂ ನೈಸರ್ಗಿಕವಾದ ಬೂಸ್ಟು ಬೆಳೆಯುತ್ತದೆ.

ಮಾರಾಟ

ತೋಂಟದಾರ್ಯ ಜಾತ್ರೆಯಲ್ಲೋ ಶಿರಹಟ್ಟಿ ಫಕೀರೇಶ್ವರನ ಜಾತ್ರೆಯಲ್ಲೋ ಮೇಜು ಹಾಕಿ ಕೂತಿರಿ. ಬರುವ ಗಿರಾಕಿಗಳಲ್ಲಿ ಎರಡು ಪಂಗಡ. ಮೊದಲನೆಯವರು ತರುಣರು: “ಇದು ಹಚ್ಚಿದ್ರ ಬೆಳ್ಳಗ ಆಗ್ತೀವೇನ್ರೀ?” ಆಗುವುದಿಲ್ಲ ಎಂದು ನೇರ ಹೇಳಿ. ಒಂದು ಮಾರಾಟ ಹೋಗುತ್ತದೆ, ಹೋಗಲಿ.

ಎರಡನೆಯ ಪಂಗಡ ಅಪಾಯಕಾರಿ. ಆಕೆ ಓಣಿಯ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ಎರೆದು, ಬಾಣಂತಿಯರ ಬೆನ್ನಿಗೆ ಕುದಿನೀರು ಹೊಯ್ದು ಮುದುಕಿಯಾದಾಕೆ. ಡಬ್ಬಿ ತೆಗೆದು, ಎರಡು ಬೆರಳಲ್ಲಿ ಹಿಟ್ಟು ತಿಕ್ಕಿ ನೋಡುತ್ತಾಳೆ.

“ಏನವಾ ಇದು?”

“ಹರ್ಬಲ್ ಬಾತ್ ಪೌಡರ್‌ರೀ ಆಯಿ.”

“ಕಡ್ಲಿಹಿಟ್ಟು, ಅರಿಷಿಣ. ಎಷ್ಟ?”

“ನೂರಾ ಐವತ್ತು.”

“ಯವ್ವಾ, ಇದರಾಗ ಮನಿಮಂದಿಗೆಲ್ಲ ಮಿರ್ಚಿಭಜಿ ಆಗತಾವಲ್ಲ!”

ಇದಕ್ಕೆ ಉತ್ತರ ಕೊಡಬೇಡಿ, ಉತ್ತರವಿಲ್ಲ. ಕುರ್ಚಿ ಕೊಟ್ಟು ಪಕ್ಕಕ್ಕೆ ಕೂಡಿಸಿಕೊಳ್ಳಿ, ಚಹಾ ತರಿಸಿ, ಹಿಟ್ಟಿಗೆ ಎಷ್ಟು ಹೆಸರು, ಎಷ್ಟು ಕಡಲೆ, ಬೇಸಿಗೆಗೆ ಏನು, ಥಂಡಿಗೆ ಏನು ಎಂದು ಕೇಳಿ. ಆಮೇಲೆ ಬರುವ ಹೆಂಗಸರು ನಿಮ್ಮ ಲೇಬಲ್ಲು ಓದುವುದಿಲ್ಲ, ಆಯಿಯ ಮುಖ ನೋಡುತ್ತಾರೆ. ಸಂಜೆ ಅವಳಿಗೆ ದಿನದ ಕೂಲಿ ಎಣಿಸಿ ಕೊಡಿ. ‘ಪಾರಂಪರಿಕ ಜ್ಞಾನ’ ಎಂದು ಡಬ್ಬಿಯ ಮೇಲೆ ಬರೆದುಕೊಂಡವರು ಸಾಮಾನ್ಯವಾಗಿ ಮರೆಯುವ ಖರ್ಚು ಇದು.

ಊರಲ್ಲಿ ಸಾಬೂನು ನಿಧಾನವಾಗಿ ಹೋಗುತ್ತದೆ. ಚೆನ್ನಾಗಿ ಹೋಗುವುದು ಬರೇ ಸೀಗೆಪುಡಿ, ಹೆಸರುಹಿಟ್ಟು. ಅದೂ ದೀಪಾವಳಿಯ ಎಣ್ಣೆನೀರಿನ ಹೊತ್ತಿಗೆ. ಅದೂ ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋಗಿ, ಬೀಸುಕಲ್ಲು ಬಿಟ್ಟು ಮಿಕ್ಸರ್ ಹಿಡಿದವರಿಗೆ. ಅವರಿಗೆ ಹೂವಿನ ಅಚ್ಚು ಬೇಡ, ಇಂಗ್ಲಿಷ್ ಬೇಡ, ಅವ್ವ ಕಟ್ಟಿಕೊಡುತ್ತಿದ್ದ ಹಾಗೆ ಇದ್ದರೆ ಸಾಕು. ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಬಸ್ಸಿನ ಪಾರ್ಸೆಲ್ಲಿಗೆ ಹಾಕಿ. ರೊಟ್ಟಿಯ ಕಟ್ಟಿನ ಜೊತೆ ಒಂದೇ ಡಬ್ಬದಲ್ಲಿ ಮಾತ್ರ ಇಡಬೇಡಿ. ಇಡಲೇಬೇಕಾಗಿ ಬಂದರೆ ಚೀಲದ ಮೇಲೆ ‘ತಲೆಗೆ’ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ, ಕನ್ನಡದಲ್ಲಿ, ಅಳಿಯಂದಿರಿಗೆ ಕಾಣುವ ಹಾಗೆ. ಸೀಗೆಪುಡಿಗೂ ಅಗಸಿ ಚಟ್ನಿಗೂ ನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲ, ಮೊಸರು ಹಾಕಿ ಕಲಸಿದ ಮೇಲಂತೂ ನೊರೆ ಬರುವವರೆಗೆ ತಿಳಿಯುವುದಿಲ್ಲ.