ಸಾಲದ ಆ್ಯಪ್ ಕಟ್ಟುವ ಸಾಧುಗಳು

ದಿಢೀರ್ ಸಾಲದ ಆ್ಯಪ್ ಕಂಪನಿಯಿಂದ ಆಫರ್ ಬಂದಿದೆ, ಸೇರಲೋ ಬೇಡವೋ ಎಂದು ಕೆಲವು ಎಂಜಿನಿಯರುಗಳು ಈಗಲೂ ನಿದ್ದೆಗೆಡುತ್ತಾರಂತೆ. ಅಯ್ಯೋ ಪಾಪ! ಇಂಥ ಪುಣ್ಯಕಾರ್ಯಕ್ಕೂ ಮೀನಮೇಷ ಎಣಿಸುವುದೇ?

ಹಳೆಯ ಮೀಟರ್ ಬಡ್ಡಿಯವನ ಪಾಡು ನೆನೆಯಿರಿ. ಬೆಳಗಾಗೆದ್ದು ಸಾಲಗಾರನ ಬಾಗಿಲಿಗೆ ತಾನೇ ಹೋಗಬೇಕು, ಗಂಟಲು ಹರಿಯುವಂತೆ ಕೂಗಬೇಕು, ಬೀದಿಯವರ ಶಾಪಕ್ಕೂ ತಾನೇ ತಲೆಕೊಡಬೇಕು. ಆ್ಯಪ್ ಈ ಅನಾಗರಿಕತೆಯನ್ನೆಲ್ಲ ತೊಲಗಿಸಿತು. ಸಾಲ 5,000 ಎಂದು ಬರೆದುಕೊಂಡು, ಪ್ರೊಸೆಸಿಂಗ್ ಫೀ ಮುರಿದು 3,500 ಖಾತೆಗೆ ಹಾಕಿ, ಏಳನೇ ದಿನ ಪೂರ್ತಿ 5,000 ಕೇಳುತ್ತದೆ. ವಾರಕ್ಕೆ ನೂರಕ್ಕೆ 42ಕ್ಕೂ ಮಿಕ್ಕಿದ ಬಡ್ಡಿ, ಅದೂ ದನಿಯೇರಿಸದೆ! ಮರುಪಾವತಿ ತಡವಾದರೆ ಸಾಲಗಾರನ ಅತ್ತೆ, ಮೇಸ್ತ್ರಿ, ಮಗಳ ಟೀಚರ್ ಎಲ್ಲರಿಗೂ ಫೋನು. ಆಮೇಲೆ ಅವನ ಮುಖ ಅಂಟಿಸಿದ ಅಶ್ಲೀಲ ಚಿತ್ರ ವಾಟ್ಸ್‌ಆ್ಯಪ್‌ಗೆ.

ಇಷ್ಟಾದರೂ ಪಾಪ ಯಾರಿಗೂ ಅಂಟದು. ಡಿಸೈನರ್ ಮಾಡಿದ್ದಿಷ್ಟೇ: ‘ಒಪ್ಪುತ್ತೇನೆ’ ಗುಂಡಿಗೆ ಹಸಿರು ಬಳಿದು, ‘ಬೇಡ’ ಎಂಬುದನ್ನು ತೆಳು ಬೂದು ಬಣ್ಣದಲ್ಲಿ ಮೂಲೆಗೆ ತಳ್ಳಿದ. ಬ್ಯಾಕೆಂಡ್‌ನವನು ಫೋನಿನ ಕಾಂಟ್ಯಾಕ್ಟ್‌ಗಳನ್ನು ಸರ್ವರಿಗೆ ಏರಿಸಿ ಟಿಕೆಟ್ ಕ್ಲೋಸ್ ಮಾಡಿದ. ಬೈದವರು ಬೇರೆ ಏಜೆನ್ಸಿಯವರು. ಅವರೂ ಓದಿದ್ದು ಬರೆದುಕೊಟ್ಟ ಸ್ಕ್ರಿಪ್ಟು. ಕೈ ಕೆಸರಾದರೆ ಬಾಯಿ ಮೊಸರು ಎಂದ ಹಿರಿಯರು, ಕೈ ತೊಳೆದುಕೊಂಡೇ ಮೊಸರು ಉಣ್ಣುವ ಈ ವಿದ್ಯೆಯನ್ನು ಕಾಣದೆ ಹೋದರು.

ಕಿರಿಕಿರಿಗಳು ಇಲ್ಲದಿಲ್ಲ. 2020ರ ಕೊನೆಗೆ ತೆಲಂಗಾಣದಲ್ಲಿ ಸಾಲಗಾರರು ಆತ್ಮಹತ್ಯೆ ಮಾಡಿಕೊಂಡರೆಂದು ಪೊಲೀಸರು ಹೈದರಾಬಾದ್, ಗುರುಗ್ರಾಮದ ಕಾಲ್ ಸೆಂಟರುಗಳಿಗೆ ನುಗ್ಗಿದರು. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್, ಸಾಲದ ಆ್ಯಪ್ ಗ್ರಾಹಕನ ಕಾಂಟ್ಯಾಕ್ಟ್ ಪಟ್ಟಿ, ಕಾಲ್ ಲಾಗ್, ಫೋಟೊಗಳನ್ನು ಮುಟ್ಟಕೂಡದು ಎಂದಿತು. ಹೆದರಬೇಡಿ, ಆ ನಿಯಮವಿರುವುದು ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುವ ಸಂಸ್ಥೆಗಳಿಗೆ ಮತ್ತು ಅವುಗಳ ಪರ ಸಾಲ ಕೊಡಿಸುವವರಿಗೆ. ನಿಮ್ಮ ಕಂಪನಿಗೆ ಲೈಸೆನ್ಸೇ ಇಲ್ಲ ಎಂದಮೇಲೆ ನಿಯಮ ಮುರಿಯುವ ಮಾತೆಲ್ಲಿ ಬಂತು?

ಇನ್ನೂ ಅಳುಕಿದ್ದರೆ ಮೂರು ಮಂತ್ರಗಳಿವೆ. ಒಂದು, ನಾನು ಬಿಟ್ಟರೆ ಇನ್ನೊಬ್ಬ ಬರೆಯುತ್ತಾನೆ. ಎರಡು, ಒಳಗಿದ್ದುಕೊಂಡೇ ಸುಧಾರಿಸುತ್ತೇನೆ (ಅಪ್ರೈಸಲ್ ಮುಗಿದ ಮೇಲೆ). ಮೂರು, ನನಗೂ ಫ್ಲ್ಯಾಟಿನ ಇಎಂಐ ಇದೆ. ಮೂರನೆಯದು ಅತಿ ಶಕ್ತಿಶಾಲಿ; ಸಾಲಗಾರನ ಕಷ್ಟ ಸಾಲಗಾರನಿಗಲ್ಲದೆ ಇನ್ಯಾರಿಗೆ ಗೊತ್ತು! ನಿಮ್ಮ ಬ್ಯಾಂಕು ಮಾತ್ರ ಅತ್ತೆಗೆ ಫೋನ್ ಮಾಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಇಂಟರ್‌ವ್ಯೂನಲ್ಲಿ ಸಿಟಿಸಿ ಎಷ್ಟು, ಹೈಕ್ ಎಷ್ಟು, ವಾರಕ್ಕೆ ಎಷ್ಟು ದಿನ ಆಫೀಸು ಎಂದಷ್ಟೇ ಕೇಳಿ, ಧೈರ್ಯವಾಗಿ ಸಹಿ ಹಾಕಿ. ಒಂದೇ ಜಾಗ್ರತೆ: ನಿಮ್ಮ ನಂಬರ್ ಸೇವ್ ಮಾಡಿಕೊಂಡ ಬಂಧುಮಿತ್ರರು ಯಾರೂ ನಿಮ್ಮ ಆ್ಯಪಿನಲ್ಲಿ ಸಾಲ ತೆಗೆಯದಂತೆ ನೋಡಿಕೊಳ್ಳಿ.