1968ರ ಪ್ಲಿಮತ್ ರೋಡ್ ರನ್ನರ್: ಬಿಚ್ಚುವವರಿಗೂ ಕಟ್ಟುವವರಿಗೂ ಕೈಪಿಡಿ

ಯಾರಿಗಾಗಿ

ಡೆಟ್ರಾಯ್ಟಿನ ಸುತ್ತಮುತ್ತ, ಟ್ರಾಯ್, ನೋವೈ, ಕ್ಯಾಂಟನ್ ಕಡೆ ಮನೆ ಮಾಡಿಕೊಂಡು, ಹಗಲೆಲ್ಲ ಯಾವುದೋ ಕಾರು ಕಂಪನಿಗೆ ಬ್ರೇಕಿನ ಸಾಫ್ಟ್‌ವೇರ್ ಬರೆದು, ಮನೆಮಂದಿ ಮಲಗಿದ ಮೇಲೆ ಹಳೇ ಕಾರುಗಳ ಜಾಹೀರಾತು ನೋಡುತ್ತ ಕೂರುವ ಕನ್ನಡಿಗರಿಗಾಗಿ ಈ ಕೈಪಿಡಿ. ಬಿಚ್ಚುವ ಕ್ರಮ, ಜೋಡಿಸುವ ಕ್ರಮ ಎರಡನ್ನೂ ಕ್ರೈಸ್ಲರ್ ಕಂಪನಿಯ ಸರ್ವಿಸ್ ಪುಸ್ತಕ ಚಿತ್ರಸಮೇತ ಹೇಳುತ್ತದೆ. ಬಿಚ್ಚಿದ್ದಕ್ಕೂ ಜೋಡಿಸಿದ್ದಕ್ಕೂ ನಡುವೆ ಕಳೆದುಹೋಗುವ ಆರೇಳು ವರ್ಷಗಳ ಬಗ್ಗೆ ಮಾತ್ರ ಅದು ತುಟಿ ಬಿಚ್ಚುವುದಿಲ್ಲ. ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ.

ಕಾರಿನ ಪರಿಚಯ

ಮಸಲ್ ಕಾರು ಅಂದರೆ ಮಸ್ಟಾಂಗು, ಕಮಾರೊ ಎನ್ನುವವರಿದ್ದಾರೆ. ಅವರು ಬೇರೆ ಕೈಪಿಡಿ ನೋಡಿಕೊಳ್ಳಲಿ. 1968ರ ಹೊತ್ತಿಗೆ ಈ ಜಾತಿಯ ಕಾರುಗಳು ಕ್ರೋಮು, ಅಲಂಕಾರ, ಒನಪು ವಯ್ಯಾರಗಳನ್ನೆಲ್ಲ ಹೇರಿಕೊಂಡು ದುಬಾರಿಯಾಗಿದ್ದವು. ಪ್ಲಿಮತ್‌ನವರು ಉಲ್ಟಾ ಯೋಚಿಸಿದರು. ಟ್ಯಾಕ್ಸಿಗೆ ಹೋಗುವಂಥ ಬೋಳು ಬಾಡಿ, ಉದ್ದನೆಯ ಬೆಂಚು ಸೀಟು, ನೆಲಕ್ಕೆ ಕಾರ್ಪೆಟ್ಟಿನ ಬದಲು ರಬ್ಬರ್ ಹಾಸು. ಬಾನೆಟ್ಟಿನ ಕೆಳಗೆ ಮಾತ್ರ 383 ಘನ ಇಂಚಿನ, 335 ಅಶ್ವಶಕ್ತಿಯ ವಿ8 ಎಂಜಿನ್. ಬೆಲೆ 2,896 ಡಾಲರಿನಿಂದ ಶುರು. ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ಕೊಟ್ಟು ಕಾರ್ಟೂನ್ ಹಕ್ಕಿಯ ಹೆಸರನ್ನೂ ಚಿತ್ರವನ್ನೂ ತಂದರು. ಹಾರ್ನು ಒತ್ತಿದರೆ ಅದೇ ಹಕ್ಕಿಯ ಬೀಪ್ ಬೀಪ್. ಇಪ್ಪತ್ತು ಸಾವಿರ ಹೋದಾವು ಅಂದುಕೊಂಡಿದ್ದ ಕಾರು ಆ ವರ್ಷ ಸುಮಾರು 45 ಸಾವಿರ ಹೋಯಿತು. ಜೇಬಿನಲ್ಲಿ ಕಾಸಿಲ್ಲದ ಹುಡುಗರಿಗೆಂದು ಮಾಡಿದ ಕಾರು ಇದು. ಈಗ ಇದನ್ನು ಕೊಳ್ಳಬೇಕಾದರೆ ಆ ಹುಡುಗರು ರಿಟೈರಾಗಿ, ಪಿಂಚಣಿ ಬಂದು, ಮಕ್ಕಳ ಮದುವೆಯೂ ಮುಗಿದಿರಬೇಕು.

ಕೊಳ್ಳುವ ವಿಧಾನ

ಡ್ಯಾಶ್‌ಬೋರ್ಡಿನ ಎಡತುದಿಯಲ್ಲಿ ಗಾಜಿನ ಹೊರಗಿನಿಂದಲೇ ಕಾಣುವ ನಂಬರಿನ ಬಿಲ್ಲೆ ಇರುತ್ತದೆ. ಅದು ಆರ್ ಎಂ 21 ಅಥವಾ ಆರ್ ಎಂ 23 ಅಂತ ಶುರುವಾದರೆ ಕಾರು ಅಸಲಿ. ಬೇರೇನಾದರೂ ಇದ್ದರೆ, ಯಾರದೋ ಮನೆಯ ಸಾಧು ಬೆಲ್ವಡೀರ್ ಕಾರಿಗೆ ಹಕ್ಕಿಯ ಚಿತ್ರ ಅಂಟಿಸಿದ್ದಾರೆ ಎಂದರ್ಥ. ತಜ್ಞರು ಇಂಥದ್ದನ್ನು ಕಂಡರೆ ಮೂಗು ಮುರಿಯುತ್ತಾರೆ. ಈ ಕೈಪಿಡಿಯ ಶಿಫಾರಸು ಆ ನಕಲಿಗೇ. ಇಲ್ಲಿ ಕಟ್ಟಲಿರುವುದು ರಸ್ತೆಗೂ ಡ್ರ್ಯಾಗ್ ರೇಸಿನ ಟ್ರ್ಯಾಕಿಗೂ ಒಗ್ಗುವ ಕಾರು. ಅಂಥ ಕಾರಿನ ನೆಲ ಕೊರೆಯಬೇಕು, ಚೌಕಟ್ಟಿಗೆ ವೆಲ್ಡಿಂಗ್ ಮಾಡಬೇಕು, ಆಕ್ಸಲ್ ಬದಲಾಯಿಸಬೇಕು. ಅಸಲಿ ಕಾರಿಗೆ ಇದನ್ನೆಲ್ಲ ಮಾಡಿದರೆ ಅದರ ಬೆಲೆಯೂ ಬೀಳುತ್ತದೆ, ನಿಮ್ಮ ನಿದ್ದೆಯೂ ಕೆಡುತ್ತದೆ.

ಮಾರುವವನು "ನಿಲ್ಲಿಸಿದಾಗ ಓಡ್ತಾ ಇತ್ತು ಸ್ವಾಮಿ" ಎನ್ನುತ್ತಾನೆ. ನಂಬಿ. ನಿಂತ ಕಾರುಗಳೆಲ್ಲ ನಿಲ್ಲುವವರೆಗೂ ಓಡುತ್ತಲೇ ಇದ್ದವು.

ಮುಂದೆ ತುಕ್ಕು. ಡೆಟ್ರಾಯ್ಟಿನ ಅಡಿಯಲ್ಲಿ, ಸಾವಿರ ಅಡಿಗೂ ಕೆಳಗೆ, ದೊಡ್ಡ ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ಹಿಮ ಕರಗಲೆಂದು ಆ ಉಪ್ಪನ್ನೇ ರಸ್ತೆಗೆ ಸುರಿಯುತ್ತಾರೆ. ಅಂದರೆ ಈ ಕಾರನ್ನು ಲಿಂಚ್ ರೋಡ್ ಕಾರ್ಖಾನೆಯಲ್ಲಿ ಕಟ್ಟಿದ್ದೂ ಇದೇ ಊರು, ತಿಂದುಹಾಕಿದ್ದೂ ಇದೇ ಊರು. ಹೋಗುವಾಗ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಜೇಬಿನಲ್ಲಿರಲಿ. ಹಿಂದಿನ ಚಕ್ರದ ಮೇಲಿನ ತಗಡಿಗೆ ಅದು ಅಂಟದಿದ್ದರೆ ಅಲ್ಲಿರುವುದು ಪುಟ್ಟಿ ಮತ್ತು ಬಣ್ಣ ಅಷ್ಟೆ. ತಗಡು ಹೋದರೆ ಪರವಾಗಿಲ್ಲ, ಹೊಸದು ಸಿಗುತ್ತದೆ. ನೋಡಬೇಕಾದ ಜಾಗ ಮುಂದಿನ ಸೀಟಿನ ಕೆಳಗಿದೆ. ಈ ಕಾರಿನ ಮುಂಭಾಗಕ್ಕೆ ಸುರುಳಿ ಸ್ಪ್ರಿಂಗಿಲ್ಲ; ತಿರುಚಿಕೊಂಡು ಭಾರ ಹೊರುವ ಎರಡು ಉದ್ದನೆಯ ಕಂಬಿಗಳಿವೆ. ಅವುಗಳ ಹಿಂದಿನ ತುದಿ ಕೂರುವ ಅಡ್ಡತೊಲೆಗೆ ತುಕ್ಕು ಹಿಡಿದಿದ್ದರೆ, ಮಾರುವವನು ಕೊಟ್ಟ ಕಾಫಿ ಕುಡಿದು, ಕೈಮುಗಿದು, ಮನೆಗೆ ಬನ್ನಿ.

ಬಿಚ್ಚುವುದು

ಮೊದಲ ದಿನ ಚಕ್ರ. ಬಲಗಡೆಯ ನಟ್ಟುಗಳು ಲೋಕರೂಢಿಯಂತೆ ಬಿಚ್ಚುತ್ತವೆ. ಎಡಗಡೆಯವು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಉದ್ದನೆಯ ಪೈಪು ತೊಡಿಸಿ, ಪಾನಾದ ಮೇಲೆ ನಿಂತು ಕುಪ್ಪಳಿಸಿದರೆ ಸ್ಟಡ್ಡು ಟಣ್ಣನೆ ಮುರಿದು ಗ್ಯಾರೇಜಿನ ಮೂಲೆ ಸೇರುತ್ತದೆ. ಹೆಕ್ಕಿ ತಂದು ದೀಪದ ಕೆಳಗೆ ಅದರ ತುದಿಯನ್ನು ನೋಡಿ: ಪುಟ್ಟದಾಗಿ 'ಎಲ್' ಅಂತ ಒತ್ತಿರುತ್ತದೆ. ಚಕ್ರ ಉರುಳುವಾಗ ನಟ್ಟು ತಾನಾಗಿ ಸಡಿಲವಾಗದಿರಲಿ ಎಂದು ಕ್ರೈಸ್ಲರ್‌ನವರು ಎಡಗಡೆಗೆ ಎಡಮರೆ ಕೊಡುತ್ತಿದ್ದರು. ಅಲ್ಲಿ ಬಿಚ್ಚಬೇಕಾದರೆ ಬಿಗಿಯಬೇಕು. ಎಂಜಿನಿಯರಿಂಗ್ ಓದಿದವರಿಗೆ ಈ ಪಾಠ ಬೇಗ ಮರೆತುಹೋಗುವುದರಿಂದ ಒಂದು ಡಜನ್ ಸ್ಟಡ್ಡುಗಳನ್ನು ಮೊದಲೇ ತರಿಸಿಡಿ.

ಬಿಚ್ಚಿದ ಪ್ರತಿ ಬೋಲ್ಟನ್ನೂ ಚೀಲಕ್ಕೆ ಹಾಕಿ ಚೀಟಿ ಅಂಟಿಸಿ. "ಇದು ನೆನಪಿರುತ್ತೆ ಬಿಡು" ಎಂದು ಬರೆಯದೆ ಬಿಟ್ಟ ಚೀಲವೇ ಕೊನೆಗೆ ಉಳಿಯುವುದು.

ಕಟ್ಟುವ ಕ್ರಮ

ಎಲ್ಲರೂ ಎಂಜಿನ್ನಿನಿಂದ ಶುರು ಮಾಡುತ್ತಾರೆ. ಕಾರಣ ಸರಳ, ಅದು ಹೊಳೆಯುತ್ತದೆ. ಸ್ನೇಹಿತರು ಬಂದಾಗ ತೋರಿಸಬಹುದು. ಈ ಕೈಪಿಡಿ ಹಿಂದಿನ ಟಯರಿನಿಂದ ಶುರು ಮಾಡಿ ಮುಂದಕ್ಕೆ ಬರಲು ಹೇಳುತ್ತದೆ. ಎಂಜಿನ್ನಿಗೆ ನೀವು ತುಂಬಿದ ಬಲ ಹಿಂದಕ್ಕೆ ಹರಿದು, ದಾರಿಯಲ್ಲಿ ಯಾವುದು ಬಡಪಾಯಿಯೋ ಅದನ್ನು ಹುಡುಕಿ ಮುರಿಯುತ್ತದೆ. ಅದನ್ನು ಗಟ್ಟಿ ಮಾಡಿದರೆ ಅದರ ಪಕ್ಕದ್ದು ಮುರಿಯುತ್ತದೆ. ಹೀಗೆ ಒಂದೊಂದೇ ಮುರಿಸಿಕೊಂಡು ಕಲಿಯುವುದಕ್ಕಿಂತ ಹಿಂದಿನಿಂದ ಕಟ್ಟಿಕೊಂಡು ಬರುವುದು ಅಗ್ಗ.

ಬ್ರೇಕು: ಕಾರ್ಖಾನೆಯಿಂದ ಬಂದದ್ದು ನಾಲ್ಕೂ ಚಕ್ರಕ್ಕೆ ಡ್ರಮ್. ಒಮ್ಮೆ ಜೋರಾಗಿ ನಿಲ್ಲಿಸುತ್ತವೆ. ಎರಡನೇ ಸಲ ಕಾದ ಡ್ರಮ್ಮು ಆಲೋಚಿಸಿ ನಿಲ್ಲಿಸುತ್ತದೆ. ಮುಂದಕ್ಕೆ ಡಿಸ್ಕ್ ಹಾಕಿಸಿ. ಎಂಜಿನ್ ಕೂರಿಸಿದ ಮೇಲೆ ಬ್ರೇಕಿನ ಯೋಚನೆ ಮಾಡುವವರು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜನ.

ಲೀಫ್ ಸ್ಪ್ರಿಂಗು: ಆಕ್ಸಿಲರೇಟರ್ ಅದುಮಿದ ಕ್ಷಣ ಡ್ರೈವ್ ಶಾಫ್ಟಿನ ತಿರುಚಿಗೆ ಬಲಗಡೆಯ ಹಿಂದಿನ ಚಕ್ರ ಮೇಲೇಳಲು ನೋಡುತ್ತದೆ, ಹಿಡಿತ ತಪ್ಪಿ ಹೊಗೆಯಾಡುತ್ತದೆ. ಕ್ರೈಸ್ಲರ್‌ನವರು ಇದಕ್ಕೆಂದೇ ಸೂಪರ್ ಸ್ಟಾಕ್ ಸ್ಪ್ರಿಂಗು ಮಾಡಿದರು, ಎಡಕ್ಕಿಂತ ಬಲಗಡೆಯದು ಬಿರುಸು. ಹಾಕಿಸಿದ ಮೇಲೆ ಕಾರು ಒಂದು ಸೊಂಟಕ್ಕೆ ಕೊಡ ಹೊತ್ತವರ ಹಾಗೆ ಓರೆಯಾಗಿ ನಿಲ್ಲುತ್ತದೆ. ನೆರೆಯವರು "ಪಂಕ್ಚರ್ ಆಗಿದೆ" ಎಂದು ಬಂದು ಹೇಳುತ್ತಾರೆ. ಥ್ಯಾಂಕ್ಸ್ ಹೇಳಿ ಕಳಿಸಿ.

ಗೇರಿನ ಅನುಪಾತ: ರಸ್ತೆಗೂ ಟ್ರ್ಯಾಕಿಗೂ ಒಂದೇ ಕಾರು ಎಂಬ ನಿಮ್ಮ ಕನಸು ಎಡವುವುದು ಇಲ್ಲೇ. ಆಕ್ಸಲ್ಲಿನಲ್ಲಿ 3.23 ಇದ್ದರೆ ಹೈವೇಯಲ್ಲಿ ಗಂಟೆಗೆ 70 ಮೈಲಿಗೆ ಎಂಜಿನ್ ನಿಮಿಷಕ್ಕೆ 2,700 ಸುತ್ತು ತಿರುಗುತ್ತದೆ, ಟ್ರ್ಯಾಕಿನಲ್ಲಿ ಮಾತ್ರ ತೂಕಡಿಸುತ್ತದೆ. 4.10 ಹಾಕಿದರೆ ಟ್ರ್ಯಾಕಿನಲ್ಲಿ ಚಿಮ್ಮುತ್ತದೆ, ಹೈವೇಯಲ್ಲಿ 3,400ರ ಮೇಲೆ ಕಿರುಚುತ್ತ ಹೋಗುತ್ತದೆ; ಪಕ್ಕದಲ್ಲಿ ಕೂತವರೊಂದಿಗೆ ಮಾತು ಸನ್ನೆಯಲ್ಲೇ ಆಗಬೇಕು. ನಡುವಿನ 3.55 ಹಾಕಿಸಿದರೆ ಎರಡೂ ಕಡೆ ಸಮಾನ ಅತೃಪ್ತಿ ಸಿಗುತ್ತದೆ. ಬಹುಪಾಲು ಜನ ಕೊನೆಗೆ ಮಾಡುವುದು ಇದನ್ನೇ.

ವೈರಿಂಗು: ಇದನ್ನು ಮಾತ್ರ ತಮಾಷೆಯಿಲ್ಲದೆ ಓದಿ. ಬ್ಯಾಟರಿ ಚಾರ್ಜ್ ಆಗುವ ಕರೆಂಟೆಲ್ಲ ಎಂಜಿನ್ನಿನ ಕಡೆಯಿಂದ ಎಂಜಿನ್ನಿಗೂ ನಿಮಗೂ ನಡುವಿನ ಗೋಡೆಯ ಪ್ಲಾಸ್ಟಿಕ್ ಕನೆಕ್ಟರ್ ದಾಟಿ, ನಿಮ್ಮ ಮೊಣಕಾಲಿನ ಮುಂದಿರುವ ಆಂಪಿಯರ್ ಮೀಟರಿನೊಳಗೆ ಹೊಕ್ಕು, ಅದೇ ದಾರಿಯಲ್ಲಿ ವಾಪಸು ಹೋಗುತ್ತದೆ. ಐವತ್ತು ವರ್ಷದ ಹಸಿರು ಕಿಲುಬು ಹಿಡಿದ ಆ ಪಿನ್ನುಗಳು ಕಾದು ಪ್ಲಾಸ್ಟಿಕ್ಕು ಕರಗುತ್ತದೆ. ಎಲೆಕ್ಟ್ರಿಕ್ ಫ್ಯಾನು, ಪಂಪು ಎಂದು ಹೊಸ ಭಾರ ಹೇರಿದರಂತೂ ಕೇಳುವುದೇ ಬೇಡ. ಮೀಟರನ್ನು ಬದಿಗಿಟ್ಟು, ದಪ್ಪ ವೈರಿನಲ್ಲಿ ನೇರ ದಾರಿ ಮಾಡಿ, ಫ್ಯೂಸಿಬಲ್ ಲಿಂಕ್ ಹಾಕಿ.

ಎಂಜಿನ್

335 ಅಶ್ವಶಕ್ತಿ ಎಂಬುದು ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಬೇರಾವ ಹೊರೆಯೂ ಇಲ್ಲದೆ ಓಡಿಸಿ ಬರೆದುಕೊಂಡ ಲೆಕ್ಕ. 1972ರಿಂದ ಅಮೆರಿಕದ ಕಂಪನಿಗಳು ಕಾರಿನಲ್ಲಿ ಕೂತಾಗ ಸಿಗುವ ಲೆಕ್ಕ ಕೊಡಲು ಶುರು ಮಾಡಿದವು. ಅಂಕಿಗಳು ಧೊಪ್ಪನೆ ಬಿದ್ದವು. ನೀವು ಹೇಳುವಾಗ ಹಳೇ ಲೆಕ್ಕದಲ್ಲೇ ಹೇಳಿ.

ಅಲ್ಯೂಮಿನಿಯಂ ಹೆಡ್ಡು, ದೊಡ್ಡ ಕಾರ್ಬೊರೇಟರು, ಹೆಡರ್ಸ್: ಇವೆಲ್ಲ ದುಡ್ಡಿನ ಮಾತು, ಬುದ್ಧಿಯ ಮಾತಲ್ಲ. ಬುದ್ಧಿ ಬೇಕಾಗುವುದು ಕ್ಯಾಮ್ ಶಾಫ್ಟಿಗೆ. ಹಳೇ ವಿನ್ಯಾಸದಲ್ಲಿ ಕ್ಯಾಮಿನ ಉಬ್ಬುಗಳು ಲಿಫ್ಟರಿನ ಚಪ್ಪಟೆ ತಳಕ್ಕೆ ಉಜ್ಜಿಕೊಂಡೇ ತಿರುಗುತ್ತವೆ. ಅವಕ್ಕೆ ಎಣ್ಣೆ ಸಿಗುವುದು ಕ್ರ್ಯಾಂಕ್ ಎರಚಿದ ಹನಿಗಳಿಂದ. ಹಾಗಾಗಿ ಹೊಸ ಕ್ಯಾಮ್ ಹಾಕಿದ ಎಂಜಿನ್ ಮೊದಲ ಸಲ ಹೊತ್ತಿಕೊಂಡ ಕೂಡಲೇ 2,000ದಿಂದ 2,500 ಸುತ್ತಿನಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ ಒಂದೇ ಸಮ ಓಡಬೇಕು. ಐಡ್ಲಿಂಗಿಗೆ ಬಿಟ್ಟರೆ ಉಬ್ಬು ಸವೆದು ದುಂಡಗಾಗುತ್ತದೆ. ಈಗಿನ ಎಂಜಿನ್ ಆಯಿಲ್‌ಗಳಲ್ಲಿ ಕೆಟಲಿಟಿಕ್ ಕನ್ವರ್ಟರ್ ಹಾಳಾಗದಿರಲೆಂದು ಸತು, ರಂಜಕ ಕಡಿಮೆ ಮಾಡಿರುತ್ತಾರೆ. ಈ ಎಂಜಿನ್ನಿಗೆ ಅವೇ ಬೇಕು, ಕೇಳಿ ತನ್ನಿ.

ಆ ಅರ್ಧ ಗಂಟೆಯಲ್ಲಿ ರೇಡಿಯೇಟರ್ ಸೋರುತ್ತದೆ, ಹೊಸ ಹೆಡರ್ಸ್ ಮೇಲಿನ ಬಣ್ಣ ಹೊಗೆಯಾಡುತ್ತದೆ, ಬೀದಿಯವರೆಲ್ಲ ಹೊರಗೆ ಬರುತ್ತಾರೆ. ಯಾರು ಏನು ಅಂದರೂ ಕಾಲು ತೆಗೆಯಬೇಡಿ. ಎಂಜಿನ್ ಹೊತ್ತಿಕೊಳ್ಳುವ ಬದಲು ಕಾರ್ಬೊರೇಟರಿನಿಂದ ಬೆಂಕಿ ಉಗುಳಿದರೆ ಡಿಸ್ಟ್ರಿಬ್ಯೂಟರ್ ಅರ್ಧ ಸುತ್ತು ತಪ್ಪಾಗಿ ಕೂತಿದೆ. ಕಿಡಿ ಕೊಡುವ ಕ್ರಮ 1-8-4-3-6-5-7-2, ಡಿಸ್ಟ್ರಿಬ್ಯೂಟರ್ ತಿರುಗುವುದು ಅಪ್ರದಕ್ಷಿಣೆ. ಬೆಂಕಿ ಆರಿಸುವ ಸಿಲಿಂಡರನ್ನು ಕಾರಿನೊಳಗಿಡದೆ ಕೈಗೆಟಕುವಲ್ಲಿಡಿ.

ರಸ್ತೆ

1960ರ ದಶಕದಲ್ಲಿ ಡೆಟ್ರಾಯ್ಟಿನ ವುಡ್‌ವರ್ಡ್ ಅವೆನ್ಯೂ ಮೇಲೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ರೇಸು ನಡೆಯುತ್ತಿತ್ತು. ಹಗಲು ಎಂಜಿನ್ ವಿನ್ಯಾಸ ಮಾಡಿದವರೇ ರಾತ್ರಿ ಬಂದು ಪರೀಕ್ಷೆ ಮಾಡುತ್ತಿದ್ದರು. ಅದು ಆಗಲೂ ಅಪರಾಧ, ಈಗಲೂ ಅಪರಾಧ. ನೀವು ವೀಸಾ ಮೇಲಿದ್ದರೆ ಇನ್ನೂ ಹೆಚ್ಚು ಯೋಚಿಸಿ. ಈಗ ಆಗಸ್ಟಿನಲ್ಲಿ ಅದೇ ರಸ್ತೆಯಲ್ಲಿ ಡ್ರೀಮ್ ಕ್ರೂಸ್ ನಡೆಯುತ್ತದೆ: ನಡಿಗೆಯ ವೇಗ, ತುಂಬಾ ಬಿಸಿಲು, ಕುದಿಯುವ ರೇಡಿಯೇಟರು. ಮಿಷಿಗನ್ ಕೊಡುವ ಚಾರಿತ್ರಿಕ ನಂಬರ್ ಪ್ಲೇಟಿನವರು ಮಾಮೂಲಿ ದಿನ ಮೆರವಣಿಗೆ, ಪ್ರದರ್ಶನಗಳಿಗೆ ಮಾತ್ರ ಕಾರು ತೆಗೆಯಬೇಕು; ಆಗಸ್ಟ್ ತಿಂಗಳು ಪೂರ್ತಿ ಎಲ್ಲಿಗಾದರೂ ಹೋಗಬಹುದು. ಹಾಲು ತರಲೂ ಹೋಗಬಹುದು.

ಟ್ರ್ಯಾಕು

ಡ್ರ್ಯಾಗ್ ರೇಸಿನ ದೂರ ಕಾಲು ಮೈಲಿ, ಅಂದರೆ 1,320 ಅಡಿ. 13.99 ಸೆಕೆಂಡು ಅಥವಾ ಅದಕ್ಕಿಂತ ಬೇಗ ಓಡಿದರೆ ಹೆಲ್ಮೆಟ್ ಕಡ್ಡಾಯ. 11.49 ಮುಟ್ಟಿದರೆ ಒಳಗೆ ರೋಲ್ ಬಾರ್ ಬೇಕು ಎಂಬುದು ಡ್ರ್ಯಾಗ್ ರೇಸಿನ ಸಂಸ್ಥೆಯಾದ ಎನ್‌ಎಚ್‌ಆರ್‌ಎ ನಿಯಮ. ಡ್ರೈವ್ ಶಾಫ್ಟು ಮುರಿದು ನೆಲಕ್ಕೆ ನಾಟಿ ಕಾರನ್ನು ಎತ್ತಿ ಬಿಸಾಡದಿರಲು ಅದರ ಸುತ್ತ ಉಕ್ಕಿನ ಬಳೆ ಹಾಕಿಸಿ. ರೇಡಿಯೇಟರಿಗೆ ಬರೀ ನೀರು ತುಂಬಿ. ಕೂಲೆಂಟ್ ಚೆಲ್ಲಿದರೆ ಟ್ರ್ಯಾಕು ಜಾರುತ್ತದೆ, ಸಾಲಿನಲ್ಲಿ ನಿಂತವರು ನಿಮ್ಮ ಹೆಸರು ಹಿಡಿದು ಬೈಯುತ್ತಾರೆ.

ಶನಿವಾರ ಸಂಜೆ ಸಾಮಾನ್ಯರು ಆಡುವ ಆಟಕ್ಕೆ ಬ್ರಾಕೆಟ್ ರೇಸಿಂಗ್ ಎನ್ನುತ್ತಾರೆ. ನಿಮ್ಮ ಕಾರು ಎಷ್ಟು ಸೆಕೆಂಡಿನಲ್ಲಿ ಓಡುತ್ತದೆಂದು ನೀವೇ ಗಾಜಿನ ಮೇಲೆ ಬರೆಯಬೇಕು. ನೀವು 12.40 ಬರೆದಿರಿ, ಪಕ್ಕದ ಲೇನಿನಲ್ಲಿ ಮಕ್ಕಳ ಸೀಟು ಇನ್ನೂ ತೆಗೆಯದ ಮಿನಿವ್ಯಾನ್ 17.10 ಬರೆದಿದೆ ಅನ್ನಿ. ಅವರಿಗೆ 4.70 ಸೆಕೆಂಡು ಮುಂಚೆ ಹಸಿರು ದೀಪ. ಬರೆದದ್ದಕ್ಕಿಂತ ಬೇಗ ಓಡಿದರೆ ಸೋಲು. ಅಂದರೆ ಇಷ್ಟು ವರ್ಷ, ಇಷ್ಟು ಸಾವಿರ ಡಾಲರು ಸುರಿದು ವೇಗ ಕೊಂಡವರಿಗೂ ಇಲ್ಲಿ ಬಹುಮಾನ ಸಿಗುವುದು ತಮ್ಮ ಕಾರಿನ ಅಳತೆ ಸರಿಯಾಗಿ ಗೊತ್ತಿದ್ದರೆ ಮಾತ್ರ.

ಹೊತ್ತು ಮುಳುಗಿದಂತೆ ಗಾಳಿ ತಣ್ಣಗಾಗಿ ಸಾಂದ್ರವಾಗುತ್ತದೆ, ಕಾರ್ಬೊರೇಟರಿನ ಎಂಜಿನ್ ಹುರುಪುಗೊಳ್ಳುತ್ತದೆ. ಮಧ್ಯಾಹ್ನದ ಅಭ್ಯಾಸದಲ್ಲಿ 12.42 ಓಡಿದ ಕಾರು ರಾತ್ರಿ ಒಂಬತ್ತಕ್ಕೆ, ನೀವು ಏನೂ ಮಾಡದೆಯೇ, 12.37 ಓಡುತ್ತದೆ. ಕಂಪ್ಯೂಟರ್ ಇಂಧನ ಅಳೆಯುವ ಮಿನಿವ್ಯಾನು ಅಷ್ಟೇನೂ ಅಲ್ಲಾಡದೆ 17.12ಕ್ಕೆ ಬಂದು ಗೆಲ್ಲುತ್ತದೆ. ಹಿಂದಿರುಗುವ ದಾರಿಯಲ್ಲಿ ಚಾಲಕಿಗೆ ಕೈ ಬೀಸಿ, ಗೂಡಿನ ಹತ್ತಿರ ನಿಲ್ಲಿಸಿ, ನಿಮ್ಮ ಸಮಯದ ಚೀಟಿ ಪಡೆದುಕೊಳ್ಳಿ. ಮೊದಲ 60 ಅಡಿಯ ಸಾಲು ನೋಡಿ. ಹಿಂದಿನ ಟಯರಿನಿಂದ ಶುರು ಮಾಡಿದ್ದು ಸಾರ್ಥಕವಾಯಿತೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.

ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮುನ್ನ ಅದರ ತಲೆಭಾಗ ಕತ್ತರಿಸಿ. ತಾರೀಖು, ಗಂಟೆ, ನಿಮಿಷ ಎಲ್ಲ ಅಚ್ಚಾಗಿರುತ್ತವೆ. ಆ ಸಂಜೆ ನೀವು ಕನ್ನಡ ಕೂಟದ ಯುಗಾದಿ ಲೆಕ್ಕಪತ್ರದ ಮೀಟಿಂಗಿನಲ್ಲಿದ್ದಿರಿ.